ಅರಸರು ಕಟ್ಟಿದ್ದು, ಜನರು ಉಳಿಸಿದ್ದು: ಡೆನ್ಮಾರ್ಕಿನ ಉತ್ತರ ಜೀಲೆಂಡಿನಲ್ಲಿ ಮೂರು ದಿನ

ಶಾಲೆಯ ಭೂಗೋಳದ ಪುಸ್ತಕದಲ್ಲಿ ಡೆನ್ಮಾರ್ಕ್ ದೇಶಕ್ಕೆ ದೊರೆಯುತ್ತಿದ್ದುದು ಎರಡೇ ಸಾಲು: ಅದು ಹಾಲು ಬೆಣ್ಣೆಗಳ ನಾಡು, ಅದರ ರಾಜಧಾನಿ ಕೋಪನ್‌ಹೇಗನ್. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆ ಎರಡು ಸಾಲಿನ ಆಚೆಗೆ ಏನೂ ತಿಳಿಯದೆಯೇ ನಾನು ಅರುವತ್ತನ್ನು ದಾಟಿದೆ. ಮಗನಿಗೆ ಆ ಊರಿನಲ್ಲಿ ಉದ್ಯೋಗ ದೊರೆತ ಮೇಲೆ, 2019ರ ಜುಲೈ ತಿಂಗಳಿನಲ್ಲಿ ನಾವು ದಂಪತಿಗಳು ಅಲ್ಲಿ ಕೆಲವು ವಾರ ಕಳೆಯುವ ಯೋಗ ಕೂಡಿಬಂದಿತು. ಬೇಸಗೆಯಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಹಗಲು ದೊಡ್ಡದು, ಮನೆಗೆಲಸ ಸ್ವಲ್ಪ. ರೈಲಿನ ಟಿಕೇಟು ಕೊಂಡು, ಅವಲಕ್ಕಿ ಚಟ್ನಿಪುಡಿಗಳ ಡಬ್ಬಿಯನ್ನು ಚೀಲದಲ್ಲಿ ಇಟ್ಟುಕೊಂಡು ಮೂರು ದಿನ ತಿರುಗಿದೆವು. ಅಲ್ಲಿ ಕಂಡುದನ್ನೂ, ಆಮೇಲೆ ಓದಿ ತಿಳಿದುದನ್ನೂ ಸೇರಿಸಿ ಸಂಘದ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಡೆನ್ಮಾರ್ಕ್ ಬಹು ಚಿಕ್ಕ ದೇಶ. ವಿಸ್ತೀರ್ಣ ಸುಮಾರು 43,000 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಕಾಲು ಭಾಗಕ್ಕೂ ಕಡಿಮೆ. ಜನಸಂಖ್ಯೆ 60 ಲಕ್ಷದ ಆಸುಪಾಸು. ಆದರೆ ಈ ದೇಶ ಯಾವಾಗಲೂ ಇಷ್ಟು ಚಿಕ್ಕದಾಗಿರಲಿಲ್ಲ. ಒಂದು ಕಾಲದಲ್ಲಿ ನಾರ್ವೆ ಅದರದು; ಈಗಿನ ಸ್ವೀಡನ್ನಿನ ದಕ್ಷಿಣ ತೀರ ಅದರದು; ನಮ್ಮ ದೇಶದಲ್ಲಿಯೂ ಅದಕ್ಕೆ ಎರಡು ಪಟ್ಟಣಗಳಿದ್ದವು. 1658ರಲ್ಲಿ ಸ್ವೀಡನ್ನಿನ ತೀರ ಕೈಬಿಟ್ಟಿತು. 1814ರಲ್ಲಿ ನಾರ್ವೆ ಹೋಯಿತು. 1845ರಲ್ಲಿ ಭಾರತದ ಪಟ್ಟಣಗಳನ್ನು ಮಾರಬೇಕಾಯಿತು. 1857ರಲ್ಲಿ ಸಮುದ್ರದ ಸುಂಕ ನಿಂತಿತು. 1864ರಲ್ಲಿ ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಪ್ರಾಂತಗಳು ಪ್ರಷ್ಯ ಮತ್ತು ಆಸ್ಟ್ರಿಯಗಳ ವಶವಾದವು. ಇಷ್ಟನ್ನು ಕಳೆದುಕೊಂಡ ಜನ ಉಳಿಸಿಕೊಂಡದ್ದೇನು, ಅದನ್ನು ಉಳಿಸಿಕೊಂಡ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರ ಬೇಕಾದವರು ರಾಜಧಾನಿ ಇರುವ ಜೀಲೆಂಡ್ ದ್ವೀಪದ ಉತ್ತರಾರ್ಧವನ್ನು ಒಂದು ಸುತ್ತು ಹಾಕಿದರೆ ಸಾಕು. ಕೋಪನ್‌ಹೇಗನ್ನಿನಿಂದ ಪಶ್ಚಿಮಕ್ಕೆ ರೋಸ್ಕಿಲ್ಡೆ. ಉತ್ತರಕ್ಕೆ ಹಿಲ್ಲೆರೋಡ್ ಮತ್ತು ಫ್ರೆಡೆನ್ಸ್‌ಬೋರ್ಗ್. ಈಶಾನ್ಯದ ತುದಿಯಲ್ಲಿ ಹೆಲ್ಸಿಂಗೋರ್. ಅಲ್ಲಿಂದ ಕಡಲ ದಂಡೆಯನ್ನೇ ಹಿಡಿದು ಮತ್ತೆ ರಾಜಧಾನಿಗೆ. ಎಲ್ಲ ಕಡೆಗೂ ರೈಲು ಉಂಟು.

ರೋಸ್ಕಿಲ್ಡೆ

ಕೋಪನ್‌ಹೇಗನ್ನಿನಿಂದ ಅರ್ಧ ಗಂಟೆಯ ಪ್ರಯಾಣ. ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಕೆಂಪು ಇಟ್ಟಿಗೆಯ ದೊಡ್ಡ ದೇವಾಲಯವೊಂದು ಎದುರಾಗುತ್ತದೆ. ಹತ್ತನೆಯ ಶತಮಾನದಲ್ಲಿ ಹಾರಲ್ಡ್ ಎಂಬ ಅರಸನು ಇಲ್ಲಿ ಮರದ ಇಗರ್ಜಿಯನ್ನು ಕಟ್ಟಿಸಿದನಂತೆ. ‘ನೀಲಿ ಹಲ್ಲು’ ಎಂಬುದು ಅವನ ಅಡ್ಡಹೆಸರು. ಈಗ ಮೊಬೈಲ್ ಫೋನುಗಳಲ್ಲಿರುವ ಬ್ಲೂಟೂತ್ ಎಂಬ ಸಾಧನಕ್ಕೆ ಇಟ್ಟಿರುವುದು ಇವನ ಹೆಸರನ್ನೇ. ಅದರ ಗುರುತು ಇವನ ಹೆಸರಿನ ಎರಡು ಪ್ರಾಚೀನ ಅಕ್ಷರಗಳ ಜೋಡಣೆ. ಈಗಿನ ಇಟ್ಟಿಗೆಯ ಕಟ್ಟಡ 1170ರ ದಶಕದಲ್ಲಿ ಅಬ್ಸಲೋನ್ ಎಂಬ ಧರ್ಮಾಧ್ಯಕ್ಷನ ಕಾಲದಲ್ಲಿ ಆರಂಭವಾಯಿತು. ಬೇಲೂರು ಹಳೇಬೀಡುಗಳಲ್ಲಿ ನಮ್ಮ ಶಿಲ್ಪಿಗಳಿಗೆ ಬಳಪದ ಕಲ್ಲು ದೊರೆತಂತೆ ಇಲ್ಲಿಯವರಿಗೆ ಕೆತ್ತನೆಗೆ ಒದಗುವ ಒಳ್ಳೆಯ ಕಲ್ಲು ಸುಲಭವಾಗಿ ದೊರೆಯಲಿಲ್ಲ. ಇದ್ದುದು ಜೇಡಿಮಣ್ಣು. ಅದನ್ನು ಸುಟ್ಟು ಇಟ್ಟಿಗೆ ಮಾಡಿ, ಆ ಇಟ್ಟಿಗೆಯಿಂದಲೇ ಎತ್ತರದ ಕಮಾನುಗಳನ್ನು ಎಬ್ಬಿಸಿದರು. ಯುನೆಸ್ಕೊ ಸಂಸ್ಥೆ 1995ರಲ್ಲಿ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಒಳಗೆ ಸುಮಾರು ನಲವತ್ತು ಮಂದಿ ರಾಜರಾಣಿಯರ ಸಮಾಧಿಗಳಿವೆ. ಬಲಿಪೀಠದ ಹಿಂದೆ ಮಾರ್ಗರೇತೆ ರಾಣಿಯ ಶವಪೆಟ್ಟಿಗೆ. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರನ್ನೂ 1397ರ ಕಾಲ್ಮಾರ್ ಒಕ್ಕೂಟದಲ್ಲಿ ಒಂದುಗೂಡಿಸಿದ ಈಕೆ 1412ರಲ್ಲಿ ತೀರಿಕೊಂಡಳು. ಒಂದು ಕಂಬದ ಮೇಲೆ ಅರಸರು ತಮ್ಮ ಎತ್ತರವನ್ನು ಗುರುತು ಹಾಕಿಸಿದ್ದಾರೆ. ಒಂದನೆಯ ಕ್ರಿಶ್ಚಿಯನ್ನನ ಗುರುತು ಏಳು ಅಡಿಗೂ ಮೇಲಿದೆ. ಅಸ್ಥಿಗಳನ್ನು ಅಳೆದು ನೋಡಿದವರು, ಆತ ಆರು ಅಡಿಗಿಂತ ಸ್ವಲ್ಪವೇ ಹೆಚ್ಚು ಇದ್ದನೆಂದು ಹೇಳಿದ್ದಾರೆ. ಆಸ್ಥಾನದ ಹೊಗಳುಭಟರು ಎಲ್ಲ ದೇಶಗಳಲ್ಲಿಯೂ ಒಂದೇ!

ಈ ಊರಿನಲ್ಲಿಯೇ 1658ರ ಕೌಲಿಗೆ ಸಹಿ ಬಿದ್ದದ್ದು. ಆ ವರ್ಷದ ಚಳಿಗಾಲ ಎಷ್ಟು ಕ್ರೂರವಾಗಿತ್ತೆಂದರೆ ದ್ವೀಪಗಳ ನಡುವಣ ಸಮುದ್ರವೇ ಹೆಪ್ಪುಗಟ್ಟಿತು. ಸ್ವೀಡನ್ನಿನ ಅರಸ ಹತ್ತನೆಯ ಕಾರ್ಲ್ ಗುಸ್ತಾವ್ ತನ್ನ ಸೈನ್ಯವನ್ನು ಮಂಜುಗಡ್ಡೆಯ ಮೇಲೆಯೇ ನಡೆಸಿಕೊಂಡು ಬಂದನು. ಡೇನರು ಸ್ಕೋನೆ ಮೊದಲಾದ ಪೂರ್ವದ ಪ್ರಾಂತಗಳನ್ನು ಬಿಟ್ಟುಕೊಡಬೇಕಾಯಿತು. ಬಿಟ್ಟುಕೊಟ್ಟದ್ದು ನೆಲ ಮಾತ್ರವಲ್ಲ. ಮುಂದಿನ ಕೆಲವು ತಲೆಮಾರುಗಳಲ್ಲಿ ಅಲ್ಲಿಯ ಇಗರ್ಜಿಯ, ಶಾಲೆಯ ಭಾಷೆ ಸ್ವೀಡಿಷ್ ಆಯಿತು. ಗಡಿ ಬದಲಾದರೆ ಮನೆಯ ಮಾತಿಗೆ ಏನಾಗುತ್ತದೆಂಬುದನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ದೇವಾಲಯದಿಂದ ಇಳಿಜಾರಿನ ದಾರಿಯಲ್ಲಿ ಸಾಗಿದರೆ ಸಮುದ್ರದ ಕವಲು, ಅದರ ದಡದಲ್ಲಿ ವೈಕಿಂಗ್ ನೌಕೆಗಳ ವಸ್ತುಸಂಗ್ರಹಾಲಯ. ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಊರಿನವರು ಸ್ಕುಲ್ದೆಲೆವ್ ಎಂಬಲ್ಲಿ ಹಳೆಯ ಹಡಗುಗಳಿಗೆ ಕಲ್ಲು ತುಂಬಿ ಮುಳುಗಿಸಿದರು. ಶತ್ರುಗಳ ನೌಕೆಗಳು ರೋಸ್ಕಿಲ್ಡೆಗೆ ನುಗ್ಗದಂತೆ ಕಾಲುವೆಯನ್ನು ಕಟ್ಟುವುದೇ ಉದ್ದೇಶ. 1962ರಲ್ಲಿ ವಿದ್ವಾಂಸರು ಆ ಭಾಗಕ್ಕೆ ಉಕ್ಕಿನ ಗೋಡೆ ಕಟ್ಟಿ, ನೀರನ್ನು ಹೊರಹಾಕಿ, ಸಾವಿರಾರು ತುಂಡುಗಳನ್ನು ಒಂದೊಂದಾಗಿ ಮೇಲೆತ್ತಿದರು. ಮರದ ತೇವ ಆರಿದರೆ ಅದು ಪುಡಿಯಾಗುತ್ತದೆ; ಆದ್ದರಿಂದ ಕೆಲಸ ನಡೆದಷ್ಟು ಕಾಲವೂ ನೀರು ಚಿಮುಕಿಸುತ್ತಲೇ ಇದ್ದರು. ಮೊದಲು ಆರು ಹಡಗೆಂದು ಎಣಿಸಿ ಅಂಕಿ ಕೊಟ್ಟಿದ್ದರು. ಆಮೇಲೆ ನಾಲ್ಕನೆಯದು ಎರಡನೆಯದರದೇ ಭಾಗವೆಂದು ತಿಳಿಯಿತು. ಹೀಗಾಗಿ ಇರುವ ಹಡಗು ಐದು. ಅಂಕಿ ಮಾತ್ರ ಆರರವರೆಗೆ. ತಪ್ಪನ್ನು ಮುಚ್ಚದೆ ಹಾಗೆಯೇ ಉಳಿಸಿದ್ದಾರೆ.

ಸಂಗ್ರಹಾಲಯ 1969ರಲ್ಲಿ ತೆರೆಯಿತು. ಎರಡನೆಯ ಹಡಗಿನ ಓಕ್ ಮರದ ವರ್ಷವಲಯಗಳನ್ನು ಎಣಿಸಿ, ಅದು 1042ರ ಸುಮಾರಿನಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ನಿರ್ಮಾಣವಾದದ್ದೆಂದು ಕಂಡುಹಿಡಿದಿದ್ದಾರೆ. ಹಳೆಯ ಉಪಕರಣಗಳಿಂದಲೇ ಅದರ ಪ್ರತಿಯೊಂದನ್ನು ಕಟ್ಟಿ 2007ರಲ್ಲಿ ಡಬ್ಲಿನ್ನಿನವರೆಗೆ ನಡೆಸಿಕೊಂಡು ಹೋದರು. ನಾವು ಹೋದ ದಿನ ದಡದ ಕೊಟ್ಟಿಗೆಯಲ್ಲಿ ಒಬ್ಬ ಬಡಗಿ ಕೊಡಲಿಯಿಂದ ಹಲಗೆ ಕೆತ್ತುತ್ತಿದ್ದ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ವಸ್ತು ಒಂದು ಬಗೆ. ಅದನ್ನು ಮಾಡುವ ಕೈ ಉಳಿದಿರುವುದು ಇನ್ನೊಂದು ಬಗೆ. ಇಲ್ಲಿ ಎರಡೂ ಇವೆ.

ಫ್ರೆಡೆರಿಕ್ಸ್‌ಬೋರ್ಗ್ ಅರಮನೆ

ಎರಡನೆಯ ದಿನ ನಗರದ ರೈಲಿನಲ್ಲಿ ಹಿಲ್ಲೆರೋಡಿಗೆ ಹೋದೆವು. ಅಲ್ಲಿ ಸರೋವರದ ನಡುವೆ ಮೂರು ಪುಟ್ಟ ದ್ವೀಪಗಳ ಮೇಲೆ ಫ್ರೆಡೆರಿಕ್ಸ್‌ಬೋರ್ಗ್ ಅರಮನೆ ನಿಂತಿದೆ. 1577ರಲ್ಲಿ ಇಲ್ಲಿಯ ಹಳೆಯ ಮನೆಯಲ್ಲಿ ಹುಟ್ಟಿದ ನಾಲ್ಕನೆಯ ಕ್ರಿಶ್ಚಿಯನ್ನನು, ಅರಸನಾದ ಮೇಲೆ ಹದಿನೇಳನೆಯ ಶತಮಾನದ ಮೊದಲ ದಶಕಗಳಲ್ಲಿ ಈಗಿನ ಅರಮನೆಯನ್ನು ಕಟ್ಟಿಸಿದ. ಕಟ್ಟಡ ಕಟ್ಟಿಸುವುದರಲ್ಲಿ ನಮ್ಮ ತಿರುಮಲ ನಾಯಕನಂತೆ ಅವನಿಗೆ ಆಸೆ ಹೆಚ್ಚು.

ನಮ್ಮ ದೇಶಕ್ಕೆ ಡೇನರನ್ನು ಕಳುಹಿಸಿದವನೂ ಇವನೇ. 1616ರಲ್ಲಿ ಇವನ ಆಶ್ರಯದಲ್ಲಿ ಡೆನ್ಮಾರ್ಕಿನ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. 1618ರಲ್ಲಿ ಊವೆ ಗೆದ್ದೆ ಎಂಬ ತರುಣನ ನಾಯಕತ್ವದಲ್ಲಿ ಹಡಗುಗಳು ಹೊರಟವು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನೊಡನೆ ಒಪ್ಪಂದವಾಗಿ ತರಂಗಂಬಾಡಿಯಲ್ಲಿ ಕೋಟೆ ಎದ್ದಿತು. ತಂಜಾವೂರಿನ ನಾಯಕರು ವಿಜಯನಗರದ ಅರಸರು ನೇಮಿಸಿದ ಮನೆತನದವರೆಂಬುದು ಓದುಗರಿಗೆ ತಿಳಿದೇ ಇದೆ. ರಘುನಾಥನು ಡೆನ್ಮಾರ್ಕಿನ ಅರಸನಿಗೆ ಚಿನ್ನದ ತಗಡಿನ ಮೇಲೆ ಬರೆಯಿಸಿ ಕಳುಹಿಸಿದ ಪತ್ರ ಕೋಪನ್‌ಹೇಗನ್ನಿನ ರಾಷ್ಟ್ರೀಯ ದಫ್ತರದಲ್ಲಿ ಇಂದಿಗೂ ಇದೆ. ಚೆನ್ನೈಯ ಕನ್ನಡಿಗರು ರಜೆಯಲ್ಲಿ ತರಂಗಂಬಾಡಿಗೆ ಹೋಗಿ ಆ ಡಾನ್ಸ್‌ಬೋರ್ಗ್ ಕೋಟೆಯನ್ನು ನೋಡಿಬರಬಹುದು. ಅಲ್ಲಿಯೂ ಒಂದು ವಸ್ತುಸಂಗ್ರಹಾಲಯವುಂಟು.

ಅರಮನೆಯ ಹೊರ ಅಂಗಳದಲ್ಲಿ ವರುಣನಂತಹ ಸಮುದ್ರದೇವತೆಯ ಕಾರಂಜಿ. ಈ ಮೂರ್ತಿಗಳು ಅಸಲಲ್ಲ. ಅಸಲು ಮೂರ್ತಿಗಳನ್ನು 1659ರಲ್ಲಿ ಸ್ವೀಡನ್ನಿನವರು ಯುದ್ಧದ ಕೊಳ್ಳೆಯಾಗಿ ಒಯ್ದರು. ಅವು ಈಗಲೂ ಅಲ್ಲಿಯ ಡ್ರೊಟ್ನಿಂಗ್‌ಹೋಮ್ ಅರಮನೆಯಲ್ಲಿವೆ. 1888ರಲ್ಲಿ ಪ್ರತಿಗಳನ್ನು ಎರಕ ಹೊಯ್ಯಿಸಿ ಇಲ್ಲಿ ನಿಲ್ಲಿಸಿದರು.

ಅರಮನೆಯ ಪ್ರಾರ್ಥನಾಮಂದಿರದಲ್ಲಿ 1671ರಿಂದ 1840ರವರೆಗೆ ಅರಸರಿಗೆ ಅಭಿಷೇಕವಾಗುತ್ತಿತ್ತು. 1849ರ ಸಂವಿಧಾನ ಅರಸರ ನಿರಂಕುಶ ಆಳ್ವಿಕೆಯನ್ನು ಕೊನೆಗಾಣಿಸಿತು; ಆ ಮೇಲೆ ಅಭಿಷೇಕವಿಲ್ಲ. 1610ರ ಮರದ ಕೊಳವೆಗಳ ಆರ್ಗನ್ ವಾದ್ಯ ಇಲ್ಲಿ ಈಗಲೂ ನುಡಿಯುತ್ತದೆ. ಗೋಡೆಗಳ ತುಂಬ, ‘ಆನೆಯ ಪದವಿ’ ಪಡೆದವರ ಲಾಂಛನಗಳು. ಆನೆಯೇ ಇಲ್ಲದ ದೇಶದಲ್ಲಿ ಅತ್ಯುಚ್ಚ ಗೌರವದ ಗುರುತು ಬಿಳಿ ಆನೆ. ಅದರ ಕುತ್ತಿಗೆಯ ಮೇಲೆ ಮಾವುತ! ಅರಸು ಮನೆತನದವರ ಲಾಂಛನಗಳ ನಡುವೆ ಪರಮಾಣು ವಿಜ್ಞಾನಿ ನೀಲ್ಸ್ ಬೋರ್ ಅವರದೂ ಇದೆ. 1947ರಲ್ಲಿ ಆ ಪದವಿ ಬಂದಾಗ ಅವರು ತಮ್ಮ ಲಾಂಛನಕ್ಕೆ ಆರಿಸಿದ್ದು, ಒಂದರೊಳಗೊಂದು ಸೇರಿದ ಕೆಂಪು ಕಪ್ಪುಗಳ ಚೀನೀ ಚಿಹ್ನೆಯನ್ನು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. 1859ರ ಡಿಸೆಂಬರ್ 17ರ ಬೆಳಗಿನ ಜಾವ ಈ ಅರಮನೆಗೆ ಬೆಂಕಿ ಬಿದ್ದಿತು. ಅರಸ ಏಳನೆಯ ಫ್ರೆಡೆರಿಕ್ ಆಗ ಇಲ್ಲಿಯೇ ವಾಸವಾಗಿದ್ದ. ಸುತ್ತಲೂ ಸರೋವರವಿದ್ದರೂ ಅದು ಹೆಪ್ಪುಗಟ್ಟಿದ್ದರಿಂದ ಬೇಕಾದಷ್ಟು ನೀರು ದೊರೆಯಲಿಲ್ಲ. ಪ್ರಾರ್ಥನಾಮಂದಿರ ಉಳಿಯಿತು, ಮುಖ್ಯ ಕಟ್ಟಡದ ಬಹುಭಾಗ ಬರಿಯ ಗೋಡೆಯಾಗಿ ನಿಂತಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಜನರಿಂದ ಚಂದಾ ಕೂಡಿಸಿದರು. ಅರಸನೂ ಕೊಟ್ಟ, ಸರ್ಕಾರವೂ ಕೊಟ್ಟಿತು. ಕಟ್ಟಡ ಎದ್ದಿತು. ಆದರೆ ಒಳಗೆ ಏನನ್ನು ಇಡುವುದು? ಅರಸರಿಗೆ ಅದು ಇನ್ನು ವಾಸದ ಮನೆಯಾಗಿ ಬೇಕಾಗಿರಲಿಲ್ಲ.

ಆಗ ಮುಂದೆ ಬಂದವರು ಜೆ. ಸಿ. ಯಾಕೊಬ್ಸೆನ್ ಎಂಬ ಬೀರು ತಯಾರಕರು. 1847ರಲ್ಲಿ ಕಾರ್ಲ್ಸ್‌ಬೆರ್ಗ್ ಕಾರ್ಖಾನೆಯನ್ನು ಸ್ಥಾಪಿಸಿ, ತಮ್ಮ ಮಗ ಕಾರ್ಲನ ಹೆಸರನ್ನು ಅದಕ್ಕೆ ಇಟ್ಟವರು. ಫ್ರಾನ್ಸಿನ ವರ್ಸೈ ಅರಮನೆಯಲ್ಲಿ ಆ ದೇಶದ ಚರಿತ್ರೆಯ ಚಿತ್ರಶಾಲೆಯನ್ನು ನೋಡಿದ್ದ ಅವರಿಗೆ, ತಮ್ಮ ಜನರಿಗೂ ಅಂತಹದೊಂದು ಬೇಕೆನಿಸಿತು. 1878ರಲ್ಲಿ ಫ್ರೆಡೆರಿಕ್ಸ್‌ಬೋರ್ಗ್ ಅರಮನೆ ರಾಷ್ಟ್ರೀಯ ಇತಿಹಾಸದ ಸಂಗ್ರಹಾಲಯವಾಯಿತು. ಅದರ ಪೋಷಣೆಯ ಭಾರವನ್ನು ತಾವು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ನಿಧಿಗೆ ವಹಿಸಿದರು. 1887ರಲ್ಲಿ ಅವರು ತೀರಿಕೊಂಡಾಗ ಕಾರ್ಖಾನೆಯೇ ಆ ನಿಧಿಯ ಸ್ವತ್ತಾಯಿತು. ವರ್ಷವನ್ನು ಗಮನಿಸಬೇಕು. 1864ರ ಸೋಲಿಗೆ ಆಗ ಹದಿನಾಲ್ಕೇ ವರ್ಷ. ನೆಲವನ್ನು ಹಿಂದಕ್ಕೆ ಪಡೆಯುವ ಶಕ್ತಿ ಆ ದೇಶಕ್ಕೆ ಇರಲಿಲ್ಲ. ತಾವು ಯಾರೆಂಬುದನ್ನು ಮಕ್ಕಳು ಬಂದು ನೋಡುವಂತೆ ಒಂದು ಮನೆಯನ್ನು ಸಜ್ಜುಗೊಳಿಸುವ ಶಕ್ತಿ ಇತ್ತು. ಹದಿನಾರನೆಯ ಶತಮಾನದಿಂದ ಇಂದಿನವರೆಗೆ ಕೋಣೆಯಿಂದ ಕೋಣೆಗೆ ಚರಿತ್ರೆ ಸಾಗುತ್ತದೆ. ಗೆಲುವಿನ ಕಾಲಗಳಂತೆ ಸೋಲಿನ ಕಾಲಗಳಿಗೂ ಅಲ್ಲಿ ಸ್ಥಾನವಿದೆ.

ಶ್ಲೆಸ್ವಿಗ್ಗಿನ ಕಥೆಯ ಮುಂದಿನ ಭಾಗವನ್ನೂ ಹೇಳಬೇಕು. 1920ರಲ್ಲಿ ಜನಮತಗಣನೆ ನಡೆದು ಅದರ ಉತ್ತರ ಭಾಗ ಡೆನ್ಮಾರ್ಕಿಗೆ ಮರಳಿತು. ದಕ್ಷಿಣ ಭಾಗ ಜರ್ಮನಿಯಲ್ಲಿಯೇ ಉಳಿಯಿತು. ಗಡಿಯ ಎರಡೂ ಕಡೆ ಅನ್ಯಭಾಷೆಯ ಜನ ಉಳಿದರು. 1955ರಲ್ಲಿ ಎರಡು ಸರ್ಕಾರಗಳೂ ಘೋಷಣೆ ಮಾಡಿ, ತನ್ನನ್ನು ಡೇನನೆಂದೋ ಜರ್ಮನನೆಂದೋ ಹೇಳಿಕೊಳ್ಳುವುದು ಆಯಾ ವ್ಯಕ್ತಿಯ ಇಷ್ಟವೆಂದು ಒಪ್ಪಿಕೊಂಡವು. ಜರ್ಮನಿಯ ಫ್ಲೆನ್ಸ್‌ಬೋರ್ಗ್ ನಗರದಲ್ಲಿ ಡೇನಿಷ್ ಶಾಲೆ, ಡೇನಿಷ್ ಗ್ರಂಥಾಲಯ, 1869ರಲ್ಲಿ ಆರಂಭವಾದ ಡೇನಿಷ್ ದಿನಪತ್ರಿಕೆ ಇವೆ. ಆ ಮಕ್ಕಳು ಜರ್ಮನಿಯ ಪ್ರಜೆಗಳು. ಬೀದಿಯಲ್ಲಿ ಜರ್ಮನ್ ಆಡುವರು. ಶಾಲೆಯಲ್ಲಿ ಓದುವುದು ಡೇನಿಷ್. ಹೊರನಾಡಿನಲ್ಲಿ ಬೇರೂರಿದ ನಮ್ಮಂತಹವರಿಗೆ ಇದಕ್ಕಿಂತ ಹತ್ತಿರದ ಸಂಗತಿ ಯುರೋಪಿನಲ್ಲಿ ಇನ್ನೊಂದು ನನಗೆ ಕಾಣಲಿಲ್ಲ.

ಅರಮನೆಯ ಎದುರು ದಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ. 1720ರ ದಶಕದಲ್ಲಿ ಕ್ರೀಗರ್ ಎಂಬ ವಾಸ್ತುಶಿಲ್ಪಿ ರಚಿಸಿದ್ದು. ಆರೈಕೆಯಿಲ್ಲದೆ ಅದರ ರೂಪವೇ ಅಳಿಸಿಹೋಗಿತ್ತು. ಹಳೆಯ ನಕ್ಷೆಗಳನ್ನು ಆಧರಿಸಿ ಗಿಡದ ಸಾಲು, ಅಬ್ಬಿ, ಕೊಳಗಳನ್ನು ಮತ್ತೆ ನಿರ್ಮಿಸಿ 1996ರಲ್ಲಿ ಮುಗಿಸಿದರು. ಮೇಲಿನ ಮೆಟ್ಟಿಲಿನಲ್ಲಿ ಕುಳಿತು ಅರಮನೆಯನ್ನು ನೋಡುತ್ತ ಅವಲಕ್ಕಿ ತಿಂದೆವು.

ಶಾಂತಿಯ ಮನೆ, ರೈತರ ತೋಟ

ಹಿಲ್ಲೆರೋಡಿನಿಂದ ಚಿಕ್ಕ ರೈಲಿನಲ್ಲಿ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಫ್ರೆಡೆನ್ಸ್‌ಬೋರ್ಗ್. ಹೆಸರಿನ ಅರ್ಥ ಶಾಂತಿಯ ಅರಮನೆ. 1720ರಲ್ಲಿ ಸ್ವೀಡನ್ನಿನೊಡನೆ ಸಂಧಿಯಾದ ನೆನಪಿಗೆ ನಾಲ್ಕನೆಯ ಫ್ರೆಡೆರಿಕ್ ಇದನ್ನು ಕಟ್ಟಿಸಿ 1722ರಲ್ಲಿ ಪ್ರವೇಶ ಮಾಡಿದ. ಇಲ್ಲಿಯ ಶಿಲ್ಪಿಯೂ ಕ್ರೀಗರನೇ. ಈ ಅರಸನೇ 1705ರಲ್ಲಿ ತರಂಗಂಬಾಡಿಗೆ ಜೀಗೆನ್‌ಬಾಲ್ಗ್ ಎಂಬ ಪಾದ್ರಿಯನ್ನು ಕಳುಹಿಸಿದವನು. ಆ ಪಾದ್ರಿ ಅಲ್ಲಿ ಮುದ್ರಣಾಲಯ ಹೂಡಿ ತಮಿಳಿನಲ್ಲಿ ಪುಸ್ತಕಗಳನ್ನು ಅಚ್ಚುಮಾಡಿದ. ಇದು ಇಂದಿಗೂ ರಾಜಮನೆತನದ ವಾಸದ ಮನೆ. ಅವರು ಇಲ್ಲದ ಬೇಸಗೆಯಲ್ಲಿ ಮಾತ್ರ ಒಳಗೆ ಪ್ರವೇಶ. ದೊಡ್ಡ ಉದ್ಯಾನ ವರ್ಷವೆಲ್ಲ ತೆರೆದಿರುತ್ತದೆ.

ಆ ಉದ್ಯಾನದಲ್ಲಿ ‘ನಾರ್ವೆಯವರ ಕಣಿವೆ’ ಎಂಬ ವರ್ತುಲಾಕಾರದ ಬಯಲಿದೆ. ಅರಮನೆಯ ತೋಟವೆಂದ ಮೇಲೆ ದೇವತೆಗಳ, ಸೇನಾಪತಿಗಳ ಮೂರ್ತಿಗಳನ್ನು ನಿರೀಕ್ಷಿಸುತ್ತೇವೆ. ಇಲ್ಲಿ ನಿಂತಿರುವವರು ನಾರ್ವೆಯ ಮತ್ತು ಫೆರೋ ದ್ವೀಪಗಳ ರೈತರು, ಬೆಸ್ತರು, ಅವರ ಹೆಂಗಸರು. ಸುಮಾರು ಎಪ್ಪತ್ತು ಮಂದಿ. ಒಬ್ಬನ ಕೈಯಲ್ಲಿ ಮೀನು, ಒಬ್ಬಳ ಮೈಮೇಲೆ ಮದುವಣಗಿತ್ತಿಯ ಉಡುಪು. ಐದನೆಯ ಫ್ರೆಡೆರಿಕ್ ಅರಸನ ಆಜ್ಞೆಯಂತೆ ಗ್ರುಂಡ್ ಎಂಬ ಶಿಲ್ಪಿ 1760ರ ದಶಕದಿಂದ ಇವನ್ನು ಕಡೆಯತೊಡಗಿದ. ಐವತ್ತು ವರ್ಷಗಳಲ್ಲಿ ನಾರ್ವೆ ಡೆನ್ಮಾರ್ಕಿನ ಕೈತಪ್ಪಿತು. ಕಲ್ಲಿನ ರೈತರು ಮಾತ್ರ ಹಿಂದಿರುಗದೆ ಇಲ್ಲಿಯೇ ನಿಂತರು.

ಈ ಐದನೆಯ ಫ್ರೆಡೆರಿಕ್ಕನ ಹೆಸರಿಗೂ ಕನ್ನಡದ ಅಚ್ಚಿನ ಚರಿತ್ರೆಗೂ ಒಂದು ನಂಟುಂಟು. 1755ರಲ್ಲಿ ಡೇನರು ಬಂಗಾಳದ ಹೂಗ್ಲಿ ನದಿಯ ದಡದ ಶ್ರೀರಾಂಪುರದಲ್ಲಿ ವ್ಯಾಪಾರದ ಕೋಠಿ ತೆರೆದು ಆ ಊರಿಗೆ ಅರಸನ ಹೆಸರಿನಲ್ಲಿ ಫ್ರೆಡೆರಿಕ್ಸ್‌ನಗರವೆಂದು ಕರೆದರು. ಇಂಗ್ಲಿಷ್ ಕಂಪನಿ ತನ್ನ ಸೀಮೆಯಲ್ಲಿ ಪಾದ್ರಿಗಳಿಗೆ ಆಸ್ಪದ ಕೊಡದಿದ್ದಾಗ, 1800ರಲ್ಲಿ ಅವರಿಗೆ ನೆಲೆ ದೊರೆತದ್ದು ಡೇನರ ಈ ಊರಿನಲ್ಲಿ. ಅಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು ಹೂಡಿದ ಮುದ್ರಣಾಲಯದಿಂದ ಭಾರತದ ಅನೇಕ ಭಾಷೆಗಳ ಪುಸ್ತಕಗಳು ಹೊರಬಂದವು. ಕೇರಿಯವರೇ ಬರೆದ ಕನ್ನಡ ವ್ಯಾಕರಣ ಅಲ್ಲಿ 1817ರಲ್ಲಿ ಅಚ್ಚಾಯಿತು. ವಿವರಣೆ ಇಂಗ್ಲಿಷಿನಲ್ಲಿ, ಪದಗಳು ಕನ್ನಡ ಲಿಪಿಯಲ್ಲಿ. ಕನ್ನಡದ ಅಕ್ಷರಗಳು ಅಚ್ಚಿನ ಮೊಳೆಗಳಾದ ಮೊದಮೊದಲ ಪುಸ್ತಕಗಳಲ್ಲಿ ಅದೊಂದು. ಕಾವೇರಿ ಗೋದಾವರಿಗಳಿಂದ ಅಷ್ಟು ದೂರದಲ್ಲಿ, ಹೂಗ್ಲಿಯ ದಡದಲ್ಲಿ, ಡೇನರ ಕೆಂಪು ಬಿಳಿ ಬಾವುಟದ ಕೆಳಗೆ ನಮ್ಮ ಅಕ್ಷರಗಳು ಮಸಿ ಕಂಡವು! 1845ರಲ್ಲಿ ಶ್ರೀರಾಂಪುರವನ್ನೂ ತರಂಗಂಬಾಡಿಯನ್ನೂ ಡೇನರು ಹನ್ನೆರಡೂವರೆ ಲಕ್ಷ ರೂಪಾಯಿಗಳಿಗೆ ಇಂಗ್ಲಿಷರಿಗೆ ಮಾರಿದರು.

ಹೆಲ್ಸಿಂಗೋರಿನ ಸುಂಕದ ಕಟ್ಟೆ

ಮೂರನೆಯ ದಿನ ಹೆಲ್ಸಿಂಗೋರ್. ಇಲ್ಲಿ ಡೆನ್ಮಾರ್ಕಿಗೂ ಸ್ವೀಡನ್ನಿಗೂ ನಡುವೆ ಸಮುದ್ರ ಸುಮಾರು ನಾಲ್ಕೇ ಕಿಲೋಮೀಟರು ಅಗಲ. ಆಚೆಯ ಊರಿನ ಮನೆಗಳು ಕಣ್ಣಿಗೆ ಕಾಣುತ್ತವೆ. ಬಾಲ್ಟಿಕ್ ಸಮುದ್ರಕ್ಕೆ ಹೋಗುವ ಹಡಗುಗಳಿಗೆ ಇದೇ ಹೆಬ್ಬಾಗಿಲು. ಪೊಮೆರೇನಿಯದ ಎರಿಕ್ ಎಂಬ ಅರಸ 1429ರ ಸುಮಾರಿನಲ್ಲಿ ಇಲ್ಲಿ ಸುಂಕ ವಿಧಿಸಿದ. ದಡದಲ್ಲಿ ಕೋಟೆ, ಕೋಟೆಯಲ್ಲಿ ಫಿರಂಗಿ. ಹಡಗು ನಿಲ್ಲದೆ ಹೋಗುವುದೆಂತು? ಮುಂದೆ ಸುಂಕವನ್ನು ಸರಕಿನ ಬೆಲೆಯ ಮೇಲೆ ಹಾಕಿದರು. ಬೆಲೆ ಹೇಳುವ ಸ್ವಾತಂತ್ರ್ಯ ನಾವಿಕನದೇ. ಆದರೆ ಅವನು ಹೇಳಿದ ಬೆಲೆಗೆ ಸರಕನ್ನು ಕೊಂಡುಕೊಳ್ಳುವ ಹಕ್ಕು ಅರಸನದು! ಕಡಿಮೆ ಹೇಳಿದರೆ ಸರಕು ಹೋಯಿತು. ಹೆಚ್ಚು ಹೇಳಿದರೆ ಸುಂಕ ಏರಿತು. ನಮ್ಮ ಚೌಬೀನೆಯ ಸುಂಕದವರು ಕೇಳಿದ್ದರೆ ತಲೆದೂಗುತ್ತಿದ್ದರು.

ಈ ಹಣದಿಂದಲೇ ಎರಡನೆಯ ಫ್ರೆಡೆರಿಕ್ 1574ರಿಂದ 1585ರವರೆಗೆ ಕ್ರೋನ್‌ಬೋರ್ಗ್ ಅರಮನೆಯನ್ನು ಕಟ್ಟಿಸಿದ. 1629ರಲ್ಲಿ ಅದು ಸುಟ್ಟಾಗ ಅವನ ಮಗ ನಾಲ್ಕನೆಯ ಕ್ರಿಶ್ಚಿಯನ್ ಮತ್ತೆ ಕಟ್ಟಿಸಿದ. ಷೇಕ್ಸ್‌ಪಿಯರನು ಹ್ಯಾಮ್ಲೆಟ್ಟನ ಮನೆಯನ್ನಾಗಿ ಆರಿಸಿದ್ದು ಈ ಅರಮನೆಯನ್ನು. ಕವಿ ತೀರಿಕೊಂಡು 200 ವರ್ಷಗಳಾದ ನೆನಪಿಗೆ 1816ರಲ್ಲಿ ಇಲ್ಲಿಯ ಕಾವಲು ಸೈನಿಕರೇ ಆ ನಾಟಕವನ್ನು ಆಡಿದರಂತೆ. ನೆಲಮಾಳಿಗೆಯಲ್ಲಿ ಹೋಲ್ಗರ್ ಡಾನ್ಸ್ಕೆ ಎಂಬ ವೀರ ಗುರಾಣಿ ಕತ್ತಿಗಳೊಡನೆ ಕುಳಿತು ನಿದ್ರಿಸುತ್ತಿದ್ದಾನೆ. ನಾಡಿಗೆ ಆಪತ್ತು ಬಂದಾಗ ಏಳುವನೆಂಬುದು ಜನರ ನಂಬಿಕೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ದೇಶವನ್ನು ಹಿಡಿದಾಗ ಒಂದು ಗುಪ್ತ ಪ್ರತಿರೋಧದ ತಂಡ ಅವನ ಹೆಸರನ್ನೇ ಇಟ್ಟುಕೊಂಡಿತು. 1943ರ ಅಕ್ಟೋಬರಿನಲ್ಲಿ ಯೆಹೂದ್ಯರನ್ನು ಹಿಡಿಯುವ ಹಂಚಿಕೆ ಹೊರಬಿದ್ದೊಡನೆ, ಜೀಲೆಂಡಿನ ಬೆಸ್ತರು ಮತ್ತು ನಾಗರಿಕರು ಏಳು ಸಾವಿರಕ್ಕೂ ಹೆಚ್ಚು ಜನರನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಹೆಲ್ಸಿಂಗೋರಿನ ದಡದಿಂದಲೂ ಅನೇಕ ದೋಣಿಗಳು ಹೊರಟವು. ಸುಂಕಕ್ಕಾಗಿ ಜಗತ್ತಿನ ಹಡಗುಗಳನ್ನು ನಿಲ್ಲಿಸಿದ್ದ ನೀರು ಅದೇ; ಈ ಸಲ ದಾಟಿಸಿದವರು ಸಾಮಾನ್ಯ ಜನ.

ಅಮೆರಿಕ ಮೊದಲಾದ ದೇಶಗಳ ವಿರೋಧದಿಂದ 1857ರಲ್ಲಿ ಸುಂಕ ರದ್ದಾಯಿತು. ಉಳಿದದ್ದು ಲೆಕ್ಕದ ಪುಸ್ತಕಗಳು. 1497ರಿಂದ 1857ರವರೆಗೆ ಯಾವ ಹಡಗು, ಯಾವ ಊರಿನ ನಾವಿಕ, ಯಾವ ಸರಕು ಎಂಬುದೆಲ್ಲ ಅವುಗಳಲ್ಲಿದೆ. ಯುನೆಸ್ಕೊ ಸಂಸ್ಥೆ 2007ರಲ್ಲಿ ಈ ಪುಸ್ತಕಗಳನ್ನು ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿತು. ಹಣ ಖರ್ಚಾಗಿಹೋಯಿತು, ಲೆಕ್ಕ ನಿಧಿಯಾಯಿತು!

ಅರಮನೆಯ ಪಕ್ಕದಲ್ಲಿ ಹಳೆಯ ಹಡಗುಕಟ್ಟೆಯ ಹೊಂಡದ ಸುತ್ತ ನೆಲದೊಳಗೆ ಕಟ್ಟಿರುವ ಸಮುದ್ರಯಾನದ ಸಂಗ್ರಹಾಲಯ 2013ರಲ್ಲಿ ತೆರೆಯಿತು. ಕ್ರೋನ್‌ಬೋರ್ಗಿನ ನೋಟಕ್ಕೆ ಅಡ್ಡಿಯಾಗಬಾರದೆಂದು ಹೊಸ ಕಟ್ಟಡವೇ ತಲೆ ತಗ್ಗಿಸಿದೆ. ಹೊಸತನ್ನು ಕಟ್ಟುವವರು ಹಳೆಯದಕ್ಕೆ ತೋರಬೇಕಾದ ಮರ್ಯಾದೆ ಇದು.

ಕಡಲ ದಂಡೆಯ ಎರಡು ಮನೆಗಳು

ಹಿಂದಿರುಗುವ ದಾರಿಯಲ್ಲಿ ಎರಡು ಮನೆಗಳನ್ನು ನೋಡತಕ್ಕದ್ದು. ಇವೆರಡೂ ಅರಸರವಲ್ಲ. ಹುಮ್ಲೆಬೆಕ್‌ನಲ್ಲಿ ಲೂಯಿಸಿಯಾನಾ ಎಂಬ ಕಲಾಶಾಲೆ. ಮೂಲದ ಮನೆಯನ್ನು ಕಟ್ಟಿಸಿದ ಬ್ರೂನ್ ಎಂಬಾತನಿಗೆ ಒಬ್ಬಳ ಅನಂತರ ಒಬ್ಬಳಂತೆ ಮೂವರು ಹೆಂಡತಿಯರು. ಮೂವರ ಹೆಸರೂ ಲೂಯಿಸ್. ಚೀಸ್ ವ್ಯಾಪಾರದ ಮನೆತನದ ಕ್ನೂದ್ ಯೆನ್ಸೆನ್ ಎಂಬುವರು ಆ ಹಣದಿಂದ ಇದನ್ನು ಕೊಂಡು 1958ರಲ್ಲಿ ಆಧುನಿಕ ಕಲೆಯ ಸಂಗ್ರಹಾಲಯ ಮಾಡಿದರು. ತಗ್ಗಾದ ಗಾಜಿನ ಓಣಿಗಳು ಮರಗಳ ನಡುವೆ ಸುತ್ತಿ ಹೋಗುತ್ತವೆ. ಹುಲ್ಲಿನ ಮೇಲೆ ಹೆನ್ರಿ ಮೂರ್, ಕಾಲ್ಡರ್ ಇವರ ಶಿಲ್ಪಗಳು, ಹಿಂದೆ ಸಮುದ್ರ.

ರುಂಗ್‌ಸ್ಟೆಡ್‌ನಲ್ಲಿ ಕತೆಗಾರ್ತಿ ಕರೆನ್ ಬ್ಲಿಕ್ಸೆನ್ ಅವರ ಮನೆ. 1885ರಲ್ಲಿ ಅವರು ಹುಟ್ಟಿದ್ದು ಇಲ್ಲಿ. 1914ರಲ್ಲಿ ಕೀನ್ಯಕ್ಕೆ ಹೋಗಿ ಕಾಫಿ ತೋಟ ಮಾಡಿ, ಎಲ್ಲವನ್ನೂ ಕಳೆದುಕೊಂಡು 1931ರಲ್ಲಿ ತಾಯಿಯ ಈ ಮನೆಗೇ ಮರಳಿದರು. ಆಫ್ರಿಕದ ನೆನಪುಗಳ ಪುಸ್ತಕ 1937ರಲ್ಲಿ ಪ್ರಕಟವಾಯಿತು. 1962ರಲ್ಲಿ ತೀರಿಕೊಂಡ ಅವರ ಸಮಾಧಿ ತೋಟದ ದೊಡ್ಡ ಬೀಚ್ ಮರದ ಕೆಳಗಿದೆ. ಒಂದು ಹಾಸುಗಲ್ಲು, ಅಷ್ಟೆ. ತೋಟ ಹಕ್ಕಿಗಳ ಆಶ್ರಯಧಾಮ. 1991ರಲ್ಲಿ ಮನೆ ಸಂಗ್ರಹಾಲಯವಾಯಿತು.

ಈ ಮನೆ ಉಳಿದ ಬಗೆಯೇ ನನ್ನ ಲೇಖನದ ಕೊನೆಯ ಸಂಗತಿ. ತಮ್ಮ ನಂತರ ಮನೆಯನ್ನೂ ಹಕ್ಕಿಗಳ ತೋಟವನ್ನೂ ಕಾಯುವವರು ಯಾರು ಎಂಬ ಚಿಂತೆ ಅವರಿಗಿತ್ತು. 1958ರಲ್ಲಿ ಅವರು ರೇಡಿಯೋದಲ್ಲಿ ಮಾತನಾಡಿ, ತಮ್ಮ ಕತೆಗಳಿಂದ ಸಂತೋಷಪಟ್ಟವರು ಒಂದೇ ಒಂದು ಕ್ರೋನ ಕಳುಹಿಸಿರೆಂದು ಕೇಳಿಕೊಂಡರು. ಕ್ರೋನ ಎಂದರೆ ಅಲ್ಲಿಯ ರೂಪಾಯಿ. ಎಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಕಳುಹಿಸಿದರು. ಒಬ್ಬ ಧನಿಕನೇ ಅಷ್ಟನ್ನೂ ಕೊಟ್ಟುಬಿಟ್ಟಿದ್ದರೆ ಮನೆ ಉಳಿಯುತ್ತಿತ್ತು. ಆದರೆ ಅದು ಎಂಬತ್ತು ಸಾವಿರ ಜನರ ಮನೆಯಾಗುತ್ತಿರಲಿಲ್ಲ.

ಸಂಜೆಯ ರೈಲಿನಲ್ಲಿ ಕುಳಿತು ಮಡದಿ ಕೇಳಿದಳು: “ನಮ್ಮ ಸಂಘದ ಕಪಾಟಿನಲ್ಲಿರುವ ಹಳೆಯ ಪುಸ್ತಕಗಳಿಗೆ ಬೈಂಡು ಹಾಕಿಸಬೇಕೆಂದು ಎಷ್ಟು ವರ್ಷದಿಂದ ಹೇಳುತ್ತಿದ್ದೀರಿ?” ನಾನು ಉತ್ತರ ಕೊಡಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ನಮ್ಮ ಹಿರಿಯರು ಕೈಯಿಂದ ಹಣ ಹಾಕಿ ಅಚ್ಚು ಮಾಡಿಸಿದ ರಾಜ್ಯೋತ್ಸವದ ಸಂಚಿಕೆಗಳು, ಆಡಿದ ನಾಟಕಗಳ ಚಿತ್ರಗಳು, ಕೈಬರಹದ ಸಭಾವರದಿಗಳು ಆ ಕಪಾಟಿನಲ್ಲಿವೆ. ಅವುಗಳಿಗೆ ಅರಮನೆ ಬೇಕಿಲ್ಲ. ಬೀರಿನ ಕಾರ್ಖಾನೆಯ ಧಣಿಯೂ ಬೇಕಿಲ್ಲ. ಹಿಂದಿರುಗಿದ ಮೇಲೆ ಮೊದಲ ಮೂರು ಸಂಪುಟಗಳಿಗೆ ಬೈಂಡು ಹಾಕಿಸಿ ತಂದಿದ್ದೇನೆ. ಉಳಿದವು ಕಾಯುತ್ತಿವೆ. ರಾಜ್ಯೋತ್ಸವದ ದಿನ ಮಕ್ಕಳನ್ನು ಕರೆದುಕೊಂಡು ಬರುವ ಸದಸ್ಯರು, ಊಟದ ಪಂಕ್ತಿಗೆ ಮೊದಲು ಒಂದು ಹತ್ತು ನಿಮಿಷ ಆ ಕಪಾಟಿನ ಬಳಿಗೂ ಬರಬೇಕೆಂದು ಪ್ರಾರ್ಥಿಸುತ್ತೇನೆ. ಬೀಗದ ಕೈ ನನ್ನ ಬಳಿ ಇದೆ.